ಉಬುಂಟು ಅಪ್‌ಗ್ರೇಡ್ ಆಯಿತು, ಅಡುಗೆಮನೆ ಚೀಟಿ ನಿಂತಿತು: ಪೈಥಾನ್ ಎನ್ವಿರಾನ್ಮೆಂಟ್ ರಿಪೇರಿ ಟಿಪ್ಪಣಿ

ಮುಲುಂಡ್‌ನಲ್ಲಿ ಮಾವನ ಸಣ್ಣ ಉಡುಪಿ ಹೋಟೆಲ್ ಇದೆ. ಗಿರಾಕಿಗೆ ಕೊಡುವ ಬಿಲ್ ಇಂಗ್ಲಿಷ್‌ನಲ್ಲಿ. ಒಳಗೆ ಹೋಗುವ ಚೀಟಿ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಭಟ್ರಿಂದ ಹಿಡಿದು ದೋಸೆ ಕಲ್ಲಿನ ಹುಡುಗನವರೆಗೆ ಎಲ್ಲರೂ ಕುಂದಾಪುರ, ಬೈಂದೂರು ಕಡೆಯವರು. ಆ ಚೀಟಿ ಪ್ರಿಂಟ್ ಮಾಡುವ ಪೈಥಾನ್ ಸ್ಕ್ರಿಪ್ಟ್ ನಾನು 2022ರಲ್ಲಿ ಬರೆದುಕೊಟ್ಟದ್ದು. ತಿಂಗಳ ಖರೀದಿ ಲೆಕ್ಕವನ್ನು ಎಕ್ಸೆಲ್‌ಗೆ ಹಾಕುವ ಇನ್ನೊಂದು ಸ್ಕ್ರಿಪ್ಟೂ ಇದೆ. ಎರಡೂ ಒಂದೇ ವರ್ಚುವಲ್ ಎನ್ವಿರಾನ್ಮೆಂಟ್‌ನಲ್ಲಿ (ವೆನ್ವ್, ಅಂದರೆ ಸ್ಕ್ರಿಪ್ಟಿಗೆ ಬೇಕಾದ ಪೈಥಾನ್ ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಫೋಲ್ಡರ್) ಕೂತಿದ್ದವು.

ಒಂದು ರಾತ್ರಿ ಮಾವನ ಮಗ ಪರದೆ ಮೇಲೆ ಬಂದ ಅಪ್‌ಗ್ರೇಡ್ ಬಟನ್ ಒತ್ತಿದ. ಲ್ಯಾಪ್‌ಟಾಪಿನ ಆಪರೇಟಿಂಗ್ ಸಿಸ್ಟಮ್ ಉಬುಂಟು 22.04 ಹೋಗಿ 24.04 ಬಂತು. ಅವನನ್ನು ಬೈಯಲಿಕ್ಕೆ ಏನೂ ಇಲ್ಲ, ಬಟನ್ ಇರುವುದೇ ಒತ್ತಲಿಕ್ಕೆ ಅಲ್ವಾ. ಬೆಳಿಗ್ಗೆ ಮಾವನ ಫೋನ್: "ಚೀಟಿ ಬರ್ತಾ ಇಲ್ಲ ಮಾರಾಯಾ. ಸಪ್ಲೈಯರ್ ಹುಡುಗರು ಕಿರುಚಿ ಹೇಳ್ತಾ ಇದ್ದಾರೆ, ಯಾರ ದೋಸೆ ಯಾರಿಗೆ ಹೋಗ್ತಿದೆ ಅಂತ ದೇವರಿಗೇ ಗೊತ್ತು."

ಸಾಮಾನು ಇಷ್ಟು: 8 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, 80 ಮಿ.ಮೀ. ಥರ್ಮಲ್ ಪ್ರಿಂಟರ್, ಯುಎಸ್‌ಬಿ ಕೇಬಲ್. ಈ ಪ್ರಿಂಟರ್‌ಗೆ ಕನ್ನಡ ಬರುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್ ಪಿಲ್ಲೋ ಎಂಬ ಚಿತ್ರದ ಲೈಬ್ರರಿ ಬಳಸಿ 576 ಚುಕ್ಕೆ ಅಗಲದ ಚಿತ್ರ ಬರೆದು, ಅದನ್ನು ಪೈಥಾನ್-ಎಸ್ಕ್‌ಪಾಸ್ ಎಂಬ ಪ್ರಿಂಟರ್ ಲೈಬ್ರರಿ ಮೂಲಕ ಕಳಿಸುತ್ತದೆ. ಕಮಾಂಡ್‌ಗಳನ್ನು ಕೆಳಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹೊಡೆಯಿರಿ.

1. ಮುರಿದದ್ದು ಎಲ್ಲಿ

ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್. ಡೊಂಬಿವಲಿಯಿಂದ ಮುಲುಂಡ್ ತಲುಪುವಷ್ಟರಲ್ಲಿ ಮಧ್ಯಾಹ್ನದ ಊಟದ ರಶ್ ಮುಗಿದಿತ್ತು. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ಎನ್ವಿರಾನ್ಮೆಂಟ್ ಆಕ್ಟಿವೇಟ್ ಮಾಡಿದೆ. ಪ್ರಾಂಪ್ಟ್ ಮುಂದೆ ಅದರ ಹೆಸರು ಸರಿಯಾಗಿಯೇ ಬಂತು. ಸ್ಕ್ರಿಪ್ಟ್ ಓಡಿಸಿದರೆ, ಪಿಐಎಲ್ (ಕೋಡಿನಲ್ಲಿ ಪಿಲ್ಲೋವನ್ನು ಕರೆಯುವ ಹೆಸರು) ಎಂಬ ಮಾಡ್ಯೂಲ್ ಇಲ್ಲ ಅಂದಿತು. ಪ್ಯಾಕೇಜ್ ಹಾಕುವ ಸಾಧನ ಪಿಪ್ ಕೇಳಿದರೆ ಪಿಪ್ ಕೂಡ ಇಲ್ಲ. ಫೋಲ್ಡರ್ ತೆರೆದು ನೋಡಿದರೆ ಎಲ್ಲ ಇದೆ! ಲಿಬ್ ಒಳಗೆ ಪೈಥಾನ್3.10, ಅದರೊಳಗೆ ಸೈಟ್-ಪ್ಯಾಕೇಜಸ್, ಅದರೊಳಗೆ ಪಿಲ್ಲೋ, ಲೆಕ್ಕದ ಪಾಂಡಾಸ್, ಎಲ್ಲ.

ಬಿನ್ ಫೋಲ್ಡರಿನಲ್ಲಿ ಎಲ್‌ಎಸ್ ಮೈನಸ್ ಎಲ್ ಹೊಡೆದಾಗ ವಿಷಯ ಗೊತ್ತಾಯಿತು. ಅಲ್ಲಿರುವ ಪೈಥಾನ್3 ನಿಜವಾದ ಪೈಥಾನ್ ಅಲ್ಲ. ಸಿಸ್ಟಮ್‌ನ ಯುಎಸ್‌ಆರ್-ಬಿನ್-ಪೈಥಾನ್3 ಕಡೆ ಕೈ ತೋರಿಸುವ ಲಿಂಕ್ ಅಷ್ಟೇ. 22.04ರಲ್ಲಿ ಆ ಕೈ 3.10ನ್ನು ಮುಟ್ಟುತ್ತಿತ್ತು. 24.04ರಲ್ಲಿ ಅದೇ ಜಾಗದಲ್ಲಿ 3.12 ಕೂತಿದೆ. 3.12 ಬಂದು ಲಿಬ್ ಒಳಗೆ ಪೈಥಾನ್3.12 ಎಂಬ ಫೋಲ್ಡರ್ ಹುಡುಕುತ್ತದೆ, ಅದು ಇಲ್ಲ. ಪಕ್ಕದಲ್ಲಿರುವ 3.10ನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಪೈವೆನ್ವ್ ಡಾಟ್ ಸಿಎಫ್‌ಜಿ ಫೈಲಿನಲ್ಲಿ ಮಾತ್ರ ಇನ್ನೂ 3.10 ಅಂತ ಹಳೇ ವಿಳಾಸ.

2. ಕೆಲಸಕ್ಕೆ ಬಾರದ ಉಪಾಯಗಳು

ಮೊದಲನೆಯದನ್ನು ಮಾವನ ಮಗ ನಾನು ಬರುವ ಮುಂಚೆಯೇ ಮಾಡಿದ್ದ. ಸೀದಾ ಪಿಪ್ ಇನ್‌ಸ್ಟಾಲ್ ಪಿಲ್ಲೋ. "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್" ಎಂದು ಬೈಸಿಕೊಂಡ. ಡೆಬಿಯನ್ 12, ಉಬುಂಟು 23.04ರಿಂದ ಹೀಗೆ. ಸಿಸ್ಟಮ್ ಪೈಥಾನ್ ಉಬುಂಟುವಿನ ಸ್ವಂತ ಪ್ಯಾಕೇಜ್ ವ್ಯವಸ್ಥೆಯಾದ ಎಪಿಟಿಯ ಕೈಯಲ್ಲಿದೆ, ಪಿಪ್ ಅಲ್ಲಿ ಕೈಹಾಕಬಾರದು. ಅವನು ಫೋನಿನಲ್ಲಿ ಹುಡುಕಿ, ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಎಂಬ ಫ್ಲ್ಯಾಗ್ ಸೇರಿಸಿ ಮತ್ತೆ ಹೊಡೆದಿದ್ದ. "ಅಣ್ಣ, ಅದು ಆಯ್ತು, ಆದರೆ ಇನ್ನೊಂದು ಎರರ್ ಬಂತು" ಅಂದ. ಫ್ಲ್ಯಾಗಿನ ಹೆಸರಲ್ಲೇ "ಮುರಿ" ಅಂತ ಇರುವಾಗ ಒಂದು ಕ್ಷಣ ಯೋಚಿಸಬಹುದಿತ್ತು. ಸುಡೋ (ಅಡ್ಮಿನ್ ಅಧಿಕಾರ) ಇಲ್ಲದೆ ಹೊಡೆದದ್ದು ಪುಣ್ಯ. ಎಲ್ಲ ಹೋಮ್ ಫೋಲ್ಡರಿನ ಡಾಟ್-ಲೋಕಲ್ ಒಳಗೆ ಬಿದ್ದಿತ್ತು, ಉಬುಂಟುವಿನ ಸ್ವಂತ ಫೈಲುಗಳಿಗೆ ಏನೂ ಆಗಿರಲಿಲ್ಲ. ಅಲ್ಲಿಂದ ಅಳಿಸಿದೆ.

ಎರಡನೆಯದು ನನ್ನ ಜಾಣತನ. ಲಿಬ್ ಒಳಗಿನ ಪೈಥಾನ್3.10 ಫೋಲ್ಡರಿಗೆ ಪೈಥಾನ್3.12 ಅಂತ ಹೆಸರಿಟ್ಟೆ. ಎಕ್ಸೆಲ್ ಫೈಲ್ ಬರೆಯುವ ಓಪನ್‌ಪೈಎಕ್ಸ್‌ಎಲ್ ನಿಜಕ್ಕೂ ಓಡಿತು, ಅದು ಶುದ್ಧ ಪೈಥಾನ್. ಪಿಲ್ಲೋ ಓಡಲಿಲ್ಲ. ಅದರ _ಇಮೇಜಿಂಗ್ ಎಂಬ ಸಿ ಭಾಗದ ಫೈಲ್ ಹೆಸರಿನಲ್ಲೇ "ಸಿಪೈಥಾನ್-310" ಅಂತ ಇದೆ. 3.12 ಅದನ್ನು ಲೋಡ್ ಮಾಡುವುದಿಲ್ಲ. ಪಾಂಡಾಸ್‌ಗೆ ಬೇಕಾದ ನಂಪೈ ಕತೆಯೂ ಅದೇ.

ಮೂರನೆಯದು ಪುಸ್ತಕದಲ್ಲಿರುವ ದಾರಿ: 3.12ರಲ್ಲಿ ಹೊಸ ವೆನ್ವ್ ಮಾಡಿ, ಹಳೇ ರಿಕ್ವೈರ್‌ಮೆಂಟ್ಸ್ ಫೈಲಿನಿಂದ (ಪ್ಯಾಕೇಜುಗಳ ಪಟ್ಟಿ) ಎಲ್ಲ ಹಾಕುವುದು. ಶುರುವಿನಲ್ಲೇ ಎನ್‌ಶೂರ್‌ಪಿಪ್ ಇಲ್ಲ ಅಂತ ನಿಂತಿತು. ಉಬುಂಟುವಿನಲ್ಲಿ ವೆನ್ವ್ ಬೇರೆ ಪ್ಯಾಕೇಜ್, ಎಪಿಟಿಯಿಂದ ಪೈಥಾನ್3-ವೆನ್ವ್ ಹಾಕಬೇಕು. ಹಾಕಿದೆ. ಆಮೇಲೆ ನಿಜವಾದ ಗೋಡೆ. ಫೈಲಿನಲ್ಲಿ ನಂಪೈ 1.22.3, ಪಾಂಡಾಸ್ 1.4.2, ಪಿಲ್ಲೋ 9.1.0 ಅಂತ 2022ರ ಆವೃತ್ತಿಗಳು ಬಿಗಿಯಾಗಿ ಬರೆದಿವೆ. ಇವು ಬಂದಾಗ 3.12 ಹುಟ್ಟಿಯೇ ಇರಲಿಲ್ಲ, ಹಾಗಾಗಿ ಅದಕ್ಕೆ ಸಿದ್ಧ ವೀಲ್ ಫೈಲ್ (ಮೊದಲೇ ಕಟ್ಟಿಟ್ಟ ಪ್ಯಾಕೇಜ್) ಇಲ್ಲ. ಪಿಪ್ ಸೋರ್ಸ್ ಇಳಿಸಿ ತಾನೇ ಕಟ್ಟಲು ಹೊರಟಿತು. ನಂಪೈ ಕಟ್ಟುವಾಗ ಪರದೆ ತುಂಬ ಕೆಂಪು. ಎಲ್ಲದರ ಕೆಳಗೆ, ಪಿಕೆಜಿಯುಟಿಲ್‌ನಲ್ಲಿ ಇಂಪ್‌ಇಂಪೋರ್ಟರ್ ಇಲ್ಲ ಎಂಬ ಸಾಲು. ಪ್ಯಾಕೇಜ್ ಕಟ್ಟುವ ಹಳೇ ಸೆಟಪ್‌ಟೂಲ್ಸ್ 3.12ರ ಮೇಲೆ ಓಡಿದರೆ ಬರುವ ಎರರ್ ಅದು. ಆ ಸಾಲು ಕಂಡರೆ ಹೋರಾಡಬೇಡಿ. ಪ್ಯಾಕೇಜ್ ಹಳೆಯದು, ಪೈಥಾನ್ ಹೊಸದು, ಅಷ್ಟೇ ಅರ್ಥ.

ಇಷ್ಟರಲ್ಲಿ ಸಂಜೆಯ ರಶ್ ಶುರುವಾಗುವ ಹೊತ್ತಾಯಿತು.

3. ಆ ಸಂಜೆಗೆ ಸಾಕಾಗುವಷ್ಟು ರಿಪೇರಿ

ಸ್ಕ್ರಿಪ್ಟನ್ನು 3.12ಕ್ಕೆ ಒಗ್ಗಿಸುವಷ್ಟು ಸಮಯ ಇರಲಿಲ್ಲ. ಹಳೇ ಪೈಥಾನನ್ನೇ ವಾಪಸ್ ತರೋಣ ಅಂದುಕೊಂಡೆ. ಡೆಡ್‌ಸ್ನೇಕ್ಸ್ ಪಿಪಿಎ (ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) ಹಾಕಿದರೆ ಉಬುಂಟುವಿಗೆ 3.10 ಸಿಗುತ್ತದೆ. ಆದರೆ ಗಲ್ಲಾ ಯಂತ್ರಕ್ಕೆ ಹೊರಗಿನ ಪಿಪಿಎ ಹಾಕುವುದು ನನಗೆ ಇಷ್ಟವಿಲ್ಲ. ಮುಂದಿನ ಅಪ್‌ಗ್ರೇಡ್‌ನಲ್ಲಿ ಅದನ್ನೂ ಉಬುಂಟು ಬಂದ್ ಮಾಡುತ್ತದೆ, ಮತ್ತೆ ಇದೇ ಪಾಡು.

ಆಸ್ಟ್ರಲ್ ಕಂಪನಿಯವರು 2024ರ ಫೆಬ್ರವರಿಯಲ್ಲಿ ಬಿಟ್ಟ ಯುವಿ ಹಾಕಿದೆ, ಪೈಥಾನನ್ನೂ ಪ್ಯಾಕೇಜುಗಳನ್ನೂ ತರುವ ಸಾಧನ. ರಸ್ಟ್‌ನಲ್ಲಿ ಬರೆದದ್ದು, ಒಂದೇ ಫೈಲ್, ಹೋಮ್ ಫೋಲ್ಡರಿನಲ್ಲೇ ಕೂರುತ್ತದೆ, ಸುಡೋ ಬೇಡ. ಹೊಡೆದದ್ದು ಮೂರು ಸಾಲು:

ಯುವಿ ಪೈಥಾನ್ ಇನ್‌ಸ್ಟಾಲ್ 3.10
ಯುವಿ ವೆನ್ವ್ --ಪೈಥಾನ್ 3.10
ಯುವಿ ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್ ಡಾಟ್ ಟೆಕ್ಸ್ಟ್

3.10ಕ್ಕೆ ಆ ಹಳೇ ಆವೃತ್ತಿಗಳ ವೀಲ್ ಎಲ್ಲವೂ ಪಿವೈಪಿಐಯಲ್ಲಿ (ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರ) ಇನ್ನೂ ಇವೆ. ಕಟ್ಟುವ ರಗಳೆಯೇ ಇಲ್ಲ. ಹೋಟೆಲಿನ ವೈಫೈ ಸತ್ತಂತಿತ್ತು, ನನ್ನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿಕೊಂಡೆ. ಕಟಿಂಗ್ ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು. "ಟೇಬಲ್ 4, ಮಸಾಲೆ ದೋಸೆ 2, ಉದ್ದಿನ ವಡೆ 1" ಅಂತ ಚೀಟಿ ಕರಕರ ಹೊರಗೆ ಬಂತು.

ಇಲ್ಲಿ ಒಂದು ಕಡೆ ಸುಮ್ನೆ ಸಮಯ ಹಾಳಾಯಿತು, ಬರೆದಿಡುತ್ತೇನೆ. ಯುವಿ ಮಾಡಿದ ಎನ್ವಿರಾನ್ಮೆಂಟ್ ಒಳಗೆ ಪಿಪ್ ಇರುವುದಿಲ್ಲ. ಆಕ್ಟಿವೇಟ್ ಮಾಡಿ, ಕೈ ಅಭ್ಯಾಸದಿಂದ ಬರೀ "ಪಿಪ್ ಇನ್‌ಸ್ಟಾಲ್" ಹೊಡೆದರೆ ಶೆಲ್ ಹೊರಗಿನ ಸಿಸ್ಟಮ್ ಪಿಪ್ ಹುಡುಕಿಕೊಂಡು ಹೋಗುತ್ತದೆ. ಮತ್ತೆ ಅದೇ ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಬೈಗುಳ. ಎನ್ವಿರಾನ್ಮೆಂಟ್ ಒಳಗೇ ಇದ್ದೇನೆ, ಆದರೂ ಯಾಕೆ ಹೀಗೆ ಅಂತ ತಲೆ ಕೆರೆದುಕೊಂಡೆ. "ಯುವಿ ಪಿಪ್" ಅಂತಲೇ ಹೊಡೆಯಬೇಕು. ಅನುಮಾನ ಬಂದಾಗ "ವಿಚ್ ಪಿಪ್" ಅಂತ ಕೇಳಿದರೆ ತಕ್ಷಣ ಗೊತ್ತಾಗುತ್ತದೆ.

3.10ಕ್ಕೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್‌ವರೆಗೆ ಮಾತ್ರ. ಹಾಗಾಗಿ ಇದು ತೇಪೆ ಅಂತ ಗೊತ್ತಿದ್ದೇ ಹಾಕಿದ್ದು.

4. ಬೇಕಾದದ್ದು ಯಾವುದು, ತಾನಾಗಿ ಬಂದದ್ದು ಯಾವುದು

ಇದು ಮನೆಯಲ್ಲಿ ಕೂತು ಮಾಡಿದ ಕೆಲಸ. ರಿಕ್ವೈರ್‌ಮೆಂಟ್ಸ್ ಫೈಲ್ ನಾನು 2022ರಲ್ಲಿ ಪಿಪ್ ಫ್ರೀಜ್ ಹೊಡೆದು ಮಾಡಿದ್ದು. ಫ್ರೀಜ್ ಒಳಗಿದ್ದದ್ದನ್ನೆಲ್ಲ ಪಟ್ಟಿ ಮಾಡುತ್ತದೆ. ನಾನು ಕೇಳಿ ಹಾಕಿದ್ದು ಯಾವುದು, ಅದರ ಬೆನ್ನಿಗೆ ಬಂದದ್ದು ಯಾವುದು ಅಂತ ಹೇಳುವುದಿಲ್ಲ. ಸಿಕ್ಸ್, ಪೈಟಿಜೆಡ್, ಇಟಿ-ಎಕ್ಸ್‌ಎಂಎಲ್‌ಫೈಲ್, ಕ್ಯುಆರ್‌ಕೋಡ್... ಯಾರು ಕರೆದರು ಇವರನ್ನು? ಸ್ಕ್ರಿಪ್ಟ್‌ಗಳಲ್ಲಿ ಇಂಪೋರ್ಟ್ ಸಾಲುಗಳನ್ನು ಗ್ರೆಪ್ ಮಾಡಿ ನೋಡಿದೆ. ಆ ಉದ್ದ ಪಟ್ಟಿಯಲ್ಲಿ ನನಗೆ ನಿಜಕ್ಕೂ ಬೇಕಾದದ್ದು ನಾಲ್ಕೇ ನಾಲ್ಕು. ಚೀಟಿಗೆ ಪಿಲ್ಲೋ, ಪೈಥಾನ್-ಎಸ್ಕ್‌ಪಾಸ್. ಲೆಕ್ಕಕ್ಕೆ ಪಾಂಡಾಸ್, ಓಪನ್‌ಪೈಎಕ್ಸ್‌ಎಲ್. ಉಳಿದವರೆಲ್ಲ ಇವರ ನೆಂಟರು.

ವೆನ್ವ್ ಫೋಲ್ಡರ್ ಅಂದರೆ ಅರೆದಿಟ್ಟ ದೋಸೆ ಹಿಟ್ಟು. ಹುಳಿ ಹೆಚ್ಚಾದರೆ ಚೆಲ್ಲಿ ಮತ್ತೆ ಅರೆಯುವುದೇ. ಜೋಪಾನ ಮಾಡಬೇಕಾದದ್ದು ಅಕ್ಕಿ-ಉದ್ದಿನ ಅಳತೆ. ನಾನು ಇಷ್ಟು ವರ್ಷ ಹಿಟ್ಟನ್ನೇ ಬ್ಯಾಕಪ್ ಮಾಡುತ್ತಿದ್ದೆ.

ಎರಡು ಪ್ರಾಜೆಕ್ಟ್ ಮಾಡಿದೆ, "ಚೀಟಿ" ಮತ್ತು "ಲೆಕ್ಕ". ತಿಂಗಳಿಗೊಮ್ಮೆ ಓಡುವ ಲೆಕ್ಕಕ್ಕೋಸ್ಕರ ಏನೋ ಬದಲಿಸಲು ಹೋಗಿ ದಿನವಿಡೀ ಓಡುವ ಚೀಟಿ ನಿಲ್ಲಬಾರದು. ಎರಡರಲ್ಲೂ ಯುವಿ ಇನಿಟ್, ಆಮೇಲೆ ಯುವಿ ಆಡ್. ಕೇಳಿ ಹಾಕಿದ್ದು ಪೈಪ್ರಾಜೆಕ್ಟ್ ಡಾಟ್ ಟಾಮಲ್‌ನಲ್ಲಿ ಉಳಿಯಿತು. ನೆಂಟರೂ ಸೇರಿ ಪ್ರತಿಯೊಂದರ ಕರಾರುವಾಕ್ಕು ಆವೃತ್ತಿ ಯುವಿ ಡಾಟ್ ಲಾಕ್‌ಗೆ ಹೋಯಿತು. ಈ ಎರಡು ಫೈಲ್ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ಕಾಯ್ದಿಡುವ ವ್ಯವಸ್ಥೆ). ಡಾಟ್-ವೆನ್ವ್ ಫೋಲ್ಡರ್ ಗಿಟ್‌ಗೆ ಹೋಗಕೂಡದು. ಎರಡು ಎನ್ವಿರಾನ್ಮೆಂಟ್ ಆದರೆ ಡಿಸ್ಕ್ ತುಂಬುವುದಿಲ್ಲವೇ ಅಂತ ಮೊದಲು ಹೆದರಿದ್ದೆ. ಒಂದೇ ಡಿಸ್ಕಿನಲ್ಲಿದ್ದರೆ ಯುವಿ ತನ್ನ ಕ್ಯಾಷ್‌ನಿಂದ ಹಾರ್ಡ್ ಲಿಂಕ್ ಕೊಡುತ್ತದೆ. ಒಂದೇ ಆವೃತ್ತಿ ಎರಡು ಕಡೆ ಇದ್ದರೂ ಡಿಸ್ಕ್‌ನಲ್ಲಿ ಒಂದೇ ಪ್ರತಿ.

ಪೈವೆನ್ವ್ ಡಾಟ್ ಸಿಎಫ್‌ಜಿ ತೆರೆದು ಹೋಮ್ ಸಾಲು (ಮೂಲ ಪೈಥಾನ್ ಎಲ್ಲಿದೆ ಎಂಬ ವಿಳಾಸ) ನೋಡಿದ್ದು ಒಳ್ಳೆಯದಾಯಿತು. 3.12 ಕೇಳಿದಾಗ ಯುವಿ ಹೊಸದಾಗಿ ಇಳಿಸದೆ, ಮನೆಯ ಲ್ಯಾಪ್‌ಟಾಪಿನಲ್ಲಿದ್ದ ಉಬುಂಟುವಿನ ಪೈಥಾನನ್ನೇ ಹಿಡಿದುಕೊಂಡಿತ್ತು. ಅಂದರೆ ಮುಂದಿನ ಅಪ್‌ಗ್ರೇಡ್ ದಿನ ಮತ್ತೆ ಇದೇ ಹಾಡು. ಪೈಪ್ರಾಜೆಕ್ಟ್ ಫೈಲಿನ ಯುವಿ ಭಾಗದಲ್ಲಿ ಪೈಥಾನ್-ಪ್ರಿಫರೆನ್ಸ್ ಅಂತ ಸೇರಿಸಿ "ಓನ್ಲಿ-ಮ್ಯಾನೇಜ್ಡ್" ಅಂತ ಕೊಟ್ಟೆ. ಡಾಟ್-ವೆನ್ವ್ ಅಳಿಸಿ ಯುವಿ ಸಿಂಕ್ ಹೊಡೆದೆ. ಈಗ ಹೋಮ್ ಸಾಲು ಯುವಿ ತಾನೇ ಇಳಿಸಿದ ಪೈಥಾನಿಗೆ ಹೋಗುತ್ತದೆ.

5. ಸ್ಕ್ರಿಪ್ಟನ್ನು 3.12ಕ್ಕೆ ಒಗ್ಗಿಸಿದ್ದು

ಮುರಿದದ್ದು ಒಂದೊಂದಾಗಿ ಹೊರಗೆ ಬಂತು.

ಡಿಸ್ಟ್‌ಯುಟಿಲ್ಸ್ ಇಲ್ಲ. ಸೆಟ್ಟಿಂಗ್ ಫೈಲಿನ "ಹೌದು/ಇಲ್ಲ" ಓದಲು ಅದರ ಸ್ಟ್ರ್‌ಟುಬೂಲ್ ಬಳಸಿದ್ದೆ. 3.12ರಲ್ಲಿ ಡಿಸ್ಟ್‌ಯುಟಿಲ್ಸನ್ನೇ ಕಿತ್ತು ಹಾಕಿದ್ದಾರೆ. ನಾಲ್ಕು ಸಾಲಿನ ಸ್ವಂತ ಫಂಕ್ಷನ್ ಬರೆದೆ.

ಪಾಂಡಾಸ್‌ನ ಡೇಟಾಫ್ರೇಮ್ ಅಪೆಂಡ್ ಇಲ್ಲ, 2.0ರಲ್ಲಿ ತೆಗೆದದ್ದು. ಕಾನ್‌ಕ್ಯಾಟ್ ಹಾಕಿದೆ. ತರಕಾರಿ, ಹಾಲು, ದಿನಸಿ ಮೂರು ಹಾಳೆಯ ಮೊತ್ತವನ್ನು ಹಳೇ ಫೈಲಿನ ಜೊತೆ ತಾಳೆ ನೋಡಿದೆ, ಸರಿ ಇತ್ತು.

ಪೈಥಾನ್-ಎಸ್ಕ್‌ಪಾಸ್ 3ನೇ ಆವೃತ್ತಿಗೆ ಬಂದಿದೆ. ಅದರಲ್ಲಿ ಯುಎಸ್‌ಬಿ ಭಾಗ ತಾನಾಗಿ ಬರುವುದಿಲ್ಲ, ಹೆಸರಿನ ಕೊನೆಗೆ ಚೌಕ ಆವರಣದಲ್ಲಿ ಯುಎಸ್‌ಬಿ ಅಂತ ಕೇಳಿ ಹಾಕಬೇಕು.

ಜಾಸ್ತಿ ಹೊತ್ತು ತಿಂದದ್ದು ಪಿಲ್ಲೋ. 10.0ರಲ್ಲಿ ಟೆಕ್ಸ್ಟ್‌ಸೈಜ್ ಎಂಬ ಫಂಕ್ಷನ್ ಹೋಗಿದೆ. ಬದಲಿಗೆ ಟೆಕ್ಸ್ಟ್‌ಬಿಬಾಕ್ಸ್, ಅದು ಎಡ, ಮೇಲೆ, ಬಲ, ಕೆಳಗೆ ಎಂದು ನಾಲ್ಕು ಅಂಕಿ ಕೊಡುತ್ತದೆ. ಕೆಳಗಿನದರಿಂದ ಮೇಲಿನದು ಕಳೆದರೆ ಎತ್ತರ ಬಂತು, ಆ ಎತ್ತರದ ಚಿತ್ರ ಮಾಡಿದೆ. ಪ್ರಿಂಟ್ ತೆಗೆದರೆ "ಉಪ್ಪಿಟ್ಟು" ಅರ್ಧ ಬಂದಿದೆ. ಪ ಮತ್ತು ಟ ಒತ್ತುಗಳ ಕೆಳಭಾಗ ಕತ್ತರಿಸಿ ಹೋಗಿದೆ. ಕಾರಣ ಇಷ್ಟೇ: ಅಕ್ಷರ ಶುರುವಾಗುವುದು ಸೊನ್ನೆಯಿಂದಲ್ಲ. ಮೇಲೆ ಕೆಲವು ಚುಕ್ಕೆ ಖಾಲಿ ಬಿಟ್ಟು ಕೂರುತ್ತದೆ. ನಾನು ಕಳೆದದ್ದು ಆ ಖಾಲಿ ಜಾಗವನ್ನು. ಬರೆಯುವಾಗ ಅಷ್ಟೇ ಕೆಳಗೆ ಜಾರಿ, ಒತ್ತಕ್ಷರ ಚಿತ್ರದಿಂದ ಹೊರಗೆ ಬಿತ್ತು. ಎತ್ತರಕ್ಕೆ "ಕೆಳಗೆ" ಅಂಕಿಯನ್ನೇ ಇಟ್ಟು, ಅದಕ್ಕೆ ಇನ್ನೂ 6 ಚುಕ್ಕೆ ಸೇರಿಸಿದೆ. ಕನ್ನಡ ಪ್ರಿಂಟ್ ಪರೀಕ್ಷೆಗೆ ಇನ್ನು ಮೇಲೆ ಉಪ್ಪಿಟ್ಟೇ.

6. ಬದಲಿ ಯಂತ್ರ: ವೆನ್ವ್ ಒಳಗೆ ಬಾರದ ಸಾಮಾನು

ಲ್ಯಾಪ್‌ಟಾಪ್ ಹಳೆಯದು, ಬ್ಯಾಟರಿ ಉಬ್ಬಿದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೇ ಮಿನಿ ಪಿಸಿ ಸಿಕ್ಕಿತು. 6,500 ಹೇಳಿದ, 5,800ಕ್ಕೆ ಕೊಟ್ಟ. ಉಬುಂಟು ಸರ್ವರ್ 24.04ರ ಮಿನಿಮಲ್ ಹಾಕಿದೆ.

ಡಾಟ್-ವೆನ್ವ್ ಫೋಲ್ಡರನ್ನೇ ಪೆನ್‌ಡ್ರೈವ್‌ನಲ್ಲಿ ಹೊತ್ತು ತಂದರೆ ಆಗುವುದಿಲ್ಲ ಅಂತ ಗೊತ್ತಿದ್ದರೂ ಒಮ್ಮೆ ಮಾಡಿ ನೋಡಿದೆ. "ಬ್ಯಾಡ್ ಇಂಟರ್‌ಪ್ರಿಟರ್" ಅಂದಿತು. ಬಿನ್ ಒಳಗಿನ ಪ್ರತಿ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪಿನ ಪೂರ್ತಿ ಪಾತ್ ಬರೆದಿದೆ. ಇಲ್ಲಿ ಯೂಸರ್ ಹೆಸರೇ ಬೇರೆ. ಅಳಿಸಿ, ಯುವಿ ಸಿಂಕ್ --ಫ್ರೋಜನ್ ಹೊಡೆದೆ. ಲಾಕ್ ಫೈಲಿನಲ್ಲಿರುವುದೇ, ಒಂದಕ್ಷರ ಬದಲಾಗದೆ, ಬಂದು ಕೂತಿತು. ನೆಟ್ ಇಲ್ಲದ ಜಾಗವಾದರೆ ಯುವಿ ಎಕ್ಸ್‌ಪೋರ್ಟ್ ಮಾಡಿ ಪಟ್ಟಿ ತೆಗೆದು, ಅಂಥದ್ದೇ ಪೈಥಾನ್ ಇರುವ ಇನ್ನೊಂದು ಯಂತ್ರದಲ್ಲಿ ಪಿಪ್ ಡೌನ್‌ಲೋಡ್ ಮಾಡಿ, ವೀಲ್ ಫೈಲುಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು.

ಓಡಿಸಿದೆ. ಮೊದಲು "ಕೆನಾಟ್ ಓಪನ್ ರಿಸೋರ್ಸ್". ಫಾಂಟ್ ಇಲ್ಲ. ಹಳೇ ಯಂತ್ರದಲ್ಲಿ ಲೋಹಿತ್ ಕನ್ನಡ ಸಿಸ್ಟಮ್‌ನಲ್ಲೇ ಇತ್ತು, ಅದರ ಪಾತನ್ನು ಸ್ಕ್ರಿಪ್ಟಿನಲ್ಲಿ ಬರೆದುಬಿಟ್ಟಿದ್ದೆ. ಈ ಸಲ ನೋಟೋ ಸಾನ್ಸ್ ಕನ್ನಡ ಫಾಂಟ್ ಫೈಲನ್ನು ಪ್ರಾಜೆಕ್ಟ್ ಫೋಲ್ಡರ್ ಒಳಗೇ ಇಟ್ಟೆ. ಓಪನ್ ಫಾಂಟ್ ಲೈಸೆನ್ಸ್, ಜೊತೆಗೆ ಒಯ್ಯಲು ಅಡ್ಡಿಯಿಲ್ಲ.

ಆಮೇಲೆ "ನೋ ಬ್ಯಾಕೆಂಡ್ ಅವೈಲಬಲ್". ಪೈಯುಎಸ್‌ಬಿ ಇದೆ, ಅದು ಕರೆಯುವ ಲಿಬ್‌ಯುಎಸ್‌ಬಿ ಇಲ್ಲ. ಎಪಿಟಿಯಿಂದ ಹಾಕಿದೆ. ಆಮೇಲೆ ಪರ್ಮಿಷನ್ ಇಲ್ಲ ಅಂತ 13ನೇ ನಂಬರಿನ ಎರರ್, ಯುಡೆವ್ ರೂಲ್ (ಯುಎಸ್‌ಬಿ ಸಾಧನವನ್ನು ಯಾರು ಬಳಸಬಹುದು ಎಂಬ ನಿಯಮ) ಬರೆದೆ.

ಕೊನೆಗೆ ಚೀಟಿ ಬಂತು. ಎರರ್ ಒಂದೂ ಇಲ್ಲ. ಭಟ್ರು ಕೈಯಲ್ಲಿ ಹಿಡಿದು ಕನ್ನಡಕ ಮೇಲೇರಿಸಿ ನೋಡಿದರು. "ಇದೆಂಥದು, ಇಡ್-ಲ-ಇ?" ಅಂದರು. ನೋಡಿದರೆ ಇಡ್ಲಿಯಲ್ಲಿ ಒತ್ತಕ್ಷರವೇ ಇಲ್ಲ. ಡ ಪಕ್ಕ ಅರ್ಧಾಕ್ಷರದ ಕೊಕ್ಕೆ ಬಿಡಿಯಾಗಿ ನಿಂತಿದೆ, ಆಮೇಲೆ ಲ, ಅದರ ಗುಡಿಸು ದೂರ ಹೋಗಿ ಕೂತಿದೆ. ಅದೇ ಲಾಕ್ ಫೈಲ್, ಅದೇ ಪಿಲ್ಲೋ, ಅದೇ ಫಾಂಟ್. ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಇಲ್ಲಿ ತಪ್ಪು.

ಕನ್ನಡದ ಒತ್ತು, ಗುಣಿತ ಸೇರಿಸಿ ಬರೆಯಲು ಪಿಲ್ಲೋಗೆ ರಕ್ಮ್ ಎಂಬ ಲೈಬ್ರರಿ ಬೇಕು. ಅದು ಲಿನಕ್ಸ್ ವೀಲ್ ಒಳಗೇ ಬರುತ್ತದೆ. ಆದರೆ ರಕ್ಮ್‌ಗೆ ಬೇಕಾದ ಫ್ರಿಬಿಡಿ ಒಳಗಿಲ್ಲ, ಅದನ್ನು ಓಡುವ ಹೊತ್ತಿನಲ್ಲಿ ಸಿಸ್ಟಮ್‌ನಿಂದ ಹುಡುಕುತ್ತದೆ. ಡೆಸ್ಕ್‌ಟಾಪ್ ಉಬುಂಟುವಿನಲ್ಲಿ ಅದು ಹೇಗೂ ಇರುತ್ತದೆ. ಈ ಮಿನಿಮಲ್ ಸರ್ವರಿನಲ್ಲಿ ಇರಲಿಲ್ಲ. ಸಿಗದಿದ್ದರೆ ಪಿಲ್ಲೋ ನಿಲ್ಲುವುದಿಲ್ಲ, ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಮುಂದೆ ಹೋಗುತ್ತದೆ. ಪಿಲ್ಲೋದ ಫೀಚರ್ಸ್ ಮಾಡ್ಯೂಲಿಗೆ "ರಕ್ಮ್ ಇದೆಯೇ" ಅಂತ ಕೇಳಿದೆ. ಫಾಲ್ಸ್ ಅಂದಿತು. ಎಪಿಟಿ ಇನ್‌ಸ್ಟಾಲ್ ಲಿಬ್‌ಫ್ರಿಬಿಡಿ0 ಹೊಡೆದು ಮತ್ತೆ ಕೇಳಿದೆ. ಟ್ರೂ. ಇಡ್ಲಿ ಇಡ್ಲಿಯಾಯಿತು.

ಈಗ ಸ್ಕ್ರಿಪ್ಟ್ ಶುರುವಿನಲ್ಲೇ ಆ ಪ್ರಶ್ನೆ ಕೇಳುತ್ತದೆ. ಫಾಲ್ಸ್ ಬಂದರೆ ದೊಡ್ಡದಾಗಿ ಎರರ್ ಕೊಟ್ಟು ನಿಲ್ಲುತ್ತದೆ. ಕೆಟ್ಟ ಚೀಟಿಗಿಂತ ಚೀಟಿ ಇಲ್ಲದಿರುವುದೇ ಮೇಲು, ಯಾರಾದರೂ ಫೋನ್ ಮಾಡುತ್ತಾರೆ.

ಕಾಂಡಾ ಎಂಬ ಇನ್ನೊಂದು ಪ್ಯಾಕೇಜ್ ವ್ಯವಸ್ಥೆ ಬಳಸಿದ್ದರೆ ಇಂಥ ಸಿ ಲೈಬ್ರರಿಗಳನ್ನೂ ಅದೇ ತರುತ್ತಿತ್ತು, ನಿಜ. ನಾಲ್ಕು ಪ್ಯಾಕೇಜಿನ ಕೆಲಸಕ್ಕೆ ಅಷ್ಟು ಭಾರ ಬೇಡ ಅನ್ನಿಸಿತು. ಬದಲಿಗೆ ಎಪಿಟಿಯಿಂದ ಬೇಕಾದದ್ದನ್ನೆಲ್ಲ "ಮೊದಲು ಇದು" ಎಂಬ ಟೆಕ್ಸ್ಟ್ ಫೈಲಿನಲ್ಲಿ ಬರೆದು ಪ್ರಾಜೆಕ್ಟ್ ಜೊತೆಗೇ ಇಟ್ಟೆ: ಲಿಬ್‌ಫ್ರಿಬಿಡಿ0, ಲಿಬ್‌ಯುಎಸ್‌ಬಿ, ಯುಡೆವ್ ರೂಲ್‌ನ ಸಾಲು.

7. ತಾನಾಗಿ ಶುರುವಾಗುವ ಹಾಗೆ

ಯಂತ್ರ ಆನ್ ಆದಾಗ ಸ್ಕ್ರಿಪ್ಟ್ ಶುರು ಮಾಡುವ ಸಿಸ್ಟಮ್‌ಡಿ ಸರ್ವಿಸ್ ಫೈಲಿನಲ್ಲಿ ಆಕ್ಟಿವೇಟ್ ಮಾಡುವ ನಾಟಕ ಬೇಡ. ಎಕ್ಸೆಕ್‌ಸ್ಟಾರ್ಟ್ ಸಾಲಿಗೆ ಡಾಟ್-ವೆನ್ವ್ ಒಳಗಿನ ಬಿನ್-ಪೈಥಾನ್‌ನ ಪೂರ್ತಿ ಪಾತ್ ಕೊಟ್ಟರೆ ಸಾಕು. ಆಕ್ಟಿವೇಟ್ ಮುಖ್ಯವಾಗಿ ಮಾಡುವುದು ಶೆಲ್ ಕಮಾಂಡ್ ಹುಡುಕುವ ಪಾತ್ ಬದಲಿಸುವುದನ್ನು. ಯುವಿ ರನ್ ಕೂಡ ಹಾಕಬಹುದಿತ್ತು. ಆದರೆ ಅದು ಶುರುವಾಗುವಾಗಲೆಲ್ಲ ಎನ್ವಿರಾನ್ಮೆಂಟ್ ಲಾಕ್‌ಗೆ ಸರಿಯಿದೆಯೇ ಅಂತ ನೋಡುತ್ತದೆ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತುವ ಹೋಟೆಲಿನಲ್ಲಿ ಆ ಹೊತ್ತಿಗೆ ಯಾವುದೂ ನೋಡುವುದು, ಇಳಿಸುವುದು ಬೇಡ.

ಖರ್ಚು: ಮಿನಿ ಪಿಸಿ 5,800, ಪರೀಕ್ಷೆಗೆ ಹಾಳಾದ ಥರ್ಮಲ್ ರೋಲ್ 90, ಮೊಬೈಲ್ ಡೇಟಾ ಪ್ಯಾಕ್ ಒಂದು. ಚಹಾ, ಬನ್ಸ್ ಮಾವನ ಲೆಕ್ಕದಲ್ಲಿ.

ಹಳೇ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿ ಬದಲಿಯಾಗಿ ಇಟ್ಟಿದ್ದೇವೆ. ಅದರ ಮೇಲೆ ಎಲ್ಲ ಅಳಿಸಿ, "ಮೊದಲು ಇದು" ಫೈಲ್ ನೋಡಿಕೊಂಡು ಮಾವನ ಮಗ ತಾನೇ ಕೂರಿಸಿದ. ನನಗೆ ಒಂದೇ ಫೋನ್ ಬಂತು: ರೂಲ್ ಬರೆದರೂ ಪ್ರಿಂಟರ್ ಪರ್ಮಿಷನ್ ಕೇಳುತ್ತಿದೆ ಅಂತ. ಯುಡೆವ್‌ಎಡಿಎಮ್ ಕಂಟ್ರೋಲ್ --ರೀಲೋಡ್ ಹೊಡೆದು ಕೇಬಲ್ ಕಿತ್ತು ಮತ್ತೆ ಚುಚ್ಚಬೇಕು, ಅದನ್ನು ನಾನು ಫೈಲಿನಲ್ಲಿ ಬರೆದಿರಲಿಲ್ಲ. ಆ ಸಾಲನ್ನು ಅವನೇ ಸೇರಿಸಿ ಗಿಟ್‌ಗೆ ಹಾಕಿದ.